ಮಾಜಿ ಸೈನಿಕರಿಗೆ ಕೆಲಸ ಕೊಟ್ಟರೆ ಅಮೆರಿಕದಲ್ಲಿ ಎಷ್ಟು ತೆರಿಗೆ ಉಳಿಯುತ್ತದೆ?

ಪ್ರಶ್ನೆ: ಡಲ್ಲಾಸ್‌ನಲ್ಲಿ ನಮ್ಮದೊಂದು ಸಣ್ಣ ಕಂಪನಿ ಇದೆ. ಸೇನೆಯಿಂದ ಬಿಡುಗಡೆಯಾದವರನ್ನು ಸೇರಿಸಿಕೊಂಡರೆ ತಲೆಗೆ 9,600 ಡಾಲರ್ ಟ್ಯಾಕ್ಸ್ ಕ್ರೆಡಿಟ್ ಅಂತೆ. ನಿಜವೇ?

ಉತ್ತರ: 9,600 ಡಾಲರ್ ಮೇಲ್ಮಿತಿ ಮಾತ್ರ. ವರ್ಕ್ ಆಪರ್ಚುನಿಟಿ ಟ್ಯಾಕ್ಸ್ ಕ್ರೆಡಿಟ್ (ಕಟ್ಟಬೇಕಾದ ತೆರಿಗೆಯಲ್ಲೇ ನೇರ ಕಡಿತ) ಎಂಬ ಈ ಯೋಜನೆಯಲ್ಲಿ ಸೈನಿಕರಾಗಿದ್ದರು ಅನ್ನುವುದೊಂದೇ ಸಾಲದು. ಜೊತೆಗೆ ನಿರುದ್ಯೋಗ, ಸೇವೆಯಲ್ಲಿ ಉಂಟಾದ ಅಂಗವೈಕಲ್ಯ ಅಥವಾ ಸ್ನ್ಯಾಪ್ ಆಹಾರ ನೆರವು, ಇವುಗಳಲ್ಲಿ ಒಂದು ಇರಬೇಕು. ಹಿಂದಿನ ಒಂದು ವರ್ಷದಲ್ಲಿ ಒಟ್ಟು 4 ವಾರವಾದರೂ ಕೆಲಸವಿಲ್ಲದೆ ಇದ್ದವರಿಗೆ ಗರಿಷ್ಠ 2,400 ಡಾಲರ್, 6 ತಿಂಗಳಾದರೂ ಹಾಗಿದ್ದರೆ 5,600. ಸ್ನ್ಯಾಪ್ ವರ್ಗಕ್ಕೂ 2,400. ಅಂಗವೈಕಲ್ಯ ಪರಿಹಾರಕ್ಕೆ ಅರ್ಹರಾಗಿದ್ದು ಬಿಡುಗಡೆಯಾಗಿ ವರ್ಷ ತುಂಬಿರದಿದ್ದರೆ 4,800. ಪರಿಹಾರದ ಅರ್ಹತೆಯೂ ಇದ್ದು 6 ತಿಂಗಳ ನಿರುದ್ಯೋಗವೂ ಇದ್ದರೆ ಮಾತ್ರ ನೀವು ಕೇಳಿದ 9,600.

ಹೆಚ್ಚಿನವರು ಎಡವುವುದು ಇನ್ನೊಂದು ಕಡೆ. ತರಬೇತಿ ಬಿಟ್ಟು 180 ದಿನಕ್ಕಿಂತ ಹೆಚ್ಚು ಸಕ್ರಿಯ ಸೇವೆ ಮಾಡಿರಬೇಕು, ಇಲ್ಲವೇ ಸೇವೆಯಲ್ಲಾದ ಅಂಗವೈಕಲ್ಯದಿಂದಲೇ ಬಿಡುಗಡೆಯಾಗಿರಬೇಕು. ಅದರ ಮೇಲೆ, 90 ದಿನ ಮೀರಿದ ಸೇವಾವಧಿ ನೇಮಕದ ಹಿಂದಿನ 60 ದಿನಗಳೊಳಗೆ ಮುಗಿದಿರಬಾರದು. ಅಂದರೆ ಸಮವಸ್ತ್ರ ಬಿಚ್ಚಿ ಮುಂದಿನ ವಾರವೇ ನಿಮ್ಮಲ್ಲಿ ಸೇರಿದವರಿಗೆ ಈ ವರ್ಗಗಳಲ್ಲಿ ಕ್ರೆಡಿಟ್ ಇಲ್ಲ. ವಿಚಿತ್ರ ಅನ್ನಿಸಿದರೂ ನಿಯಮ ಹಾಗೇ ಇದೆ.

ಪ್ರಶ್ನೆ: ಅರ್ಜಿ ಹೇಗೆ, ಯಾರಿಗೆ? ವರ್ಷದ ಕೊನೆಯಲ್ಲಿ ರಿಟರ್ನ್ ಜೊತೆ ಹಾಕಿದರೆ ಆಗದೇ?

ಉತ್ತರ: ಆಗದು, ಅಷ್ಟರಲ್ಲಿ ಗಡುವು ದಾಟಿರುತ್ತದೆ. ಅರ್ಹತಾ ಪ್ರಮಾಣಪತ್ರ ಕೋರುವ ಫಾರ್ಮ್ 8850ರ ಮೊದಲ ಪುಟವನ್ನು ಕೆಲಸ ಕೊಡುವುದಾಗಿ ಹೇಳುವ ದಿನ ಅಥವಾ ಅದಕ್ಕೂ ಮೊದಲು ಅಭ್ಯರ್ಥಿಯೇ ತುಂಬಿ ಸಹಿ ಮಾಡಬೇಕು. ಎರಡನೇ ಪುಟ ನಿಮ್ಮದು. ಅದರಲ್ಲಿ ನಾಲ್ಕು ದಿನಾಂಕ ಕೇಳುತ್ತಾರೆ: ಅಭ್ಯರ್ಥಿ ಮಾಹಿತಿ ಕೊಟ್ಟದ್ದು, ನೀವು ಆಫರ್ ಕೊಟ್ಟದ್ದು, ನೇಮಕವಾದದ್ದು, ಕೆಲಸ ಶುರುವಾದದ್ದು. ಮಾಹಿತಿ ಕೊಟ್ಟ ದಿನ ಆಫರ್‌ಗಿಂತ ಈಚಿನದಾಗಿದ್ದರೆ ಅರ್ಜಿ ಅಲ್ಲಿಗೇ ಬಿತ್ತು.

ಇದನ್ನು ಕೇಂದ್ರ ತೆರಿಗೆ ಇಲಾಖೆಯಾದ ಐಆರ್‌ಎಸ್‌ಗೆ ಕಳಿಸಬೇಡಿ. ರಾಜ್ಯದ ಉದ್ಯೋಗ ಇಲಾಖೆಗೆ, ನಿಮ್ಮಲ್ಲಾದರೆ ಟೆಕ್ಸಾಸ್ ವರ್ಕ್‌ಫೋರ್ಸ್ ಕಮಿಷನ್‌ಗೆ, ಕೆಲಸ ಶುರುವಾದ 28 ದಿನಗಳೊಳಗೆ ಕಳಿಸಬೇಕು. ಮಾರ್ಚ್ 3ಕ್ಕೆ ಬಂದವರಿಗೆ ಮಾರ್ಚ್ 31 ಕೊನೆಯ ದಿನ. ರಜೆ, ಶನಿವಾರ, ಭಾನುವಾರ ಎಲ್ಲ ಲೆಕ್ಕಕ್ಕೆ ಬರುತ್ತವೆ. ಜೊತೆಗೆ ಅಭ್ಯರ್ಥಿಯ ವಿವರಗಳ ಇಟಿಎ 9061 ಫಾರ್ಮ್, ಸೇವೆಗೆ ಪುರಾವೆಯಾಗಿ ಸೇನೆಯ ಬಿಡುಗಡೆ ಪತ್ರ ಡಿಡಿ-214, ಅಂಗವೈಕಲ್ಯ ಇದ್ದರೆ ಮಾಜಿ ಸೈನಿಕರ ಇಲಾಖೆಯ ಪತ್ರ. ಇಲಾಖೆಯ ಪ್ರಮಾಣಪತ್ರ ಕೈಗೆ ಬರದೆ ಕ್ರೆಡಿಟ್ ತೆಗೆದುಕೊಳ್ಳುವಂತಿಲ್ಲ. ರಿಟರ್ನ್ ಹಾಕಿದ ಮೇಲೆ ಬಂದರೆ ತಿದ್ದುಪಡಿ ರಿಟರ್ನ್ ಹಾಕಬಹುದು. ಪ್ರಮಾಣಪತ್ರ ಬಂದ ಮೇಲೆ ಲೆಕ್ಕ ಫಾರ್ಮ್ 5884ರಲ್ಲಿ, ಅಲ್ಲಿಂದ ವ್ಯಾಪಾರದ ಕ್ರೆಡಿಟ್‌ಗಳನ್ನೆಲ್ಲ ಒಟ್ಟುಗೂಡಿಸುವ ಫಾರ್ಮ್ 3800ಕ್ಕೆ.

ಮೊದಲು ನಿಮ್ಮಲ್ಲೇ ಕೆಲಸ ಮಾಡಿ ಬಿಟ್ಟು ಮತ್ತೆ ಬಂದವರು, ಕಂಪನಿಯ ಅರ್ಧಕ್ಕಿಂತ ಹೆಚ್ಚು ಷೇರು ಹೊಂದಿದವರ ಹತ್ತಿರದ ಬಂಧುಗಳು ಇದಕ್ಕೆ ಸಲ್ಲರು.

ಪ್ರಶ್ನೆ: ಸೇರಿದವರು ಅರ್ಧದಲ್ಲೇ ಬಿಟ್ಟುಹೋದರೆ?

ಉತ್ತರ: ಗಂಟೆಗಳ ಮೇಲೆ ನಿಂತಿದೆ. ಮೊದಲ ವರ್ಷದಲ್ಲಿ 120 ಗಂಟೆ ಆಗದಿದ್ದರೆ ಸೊನ್ನೆ. 120ರಿಂದ 400ರೊಳಗೆ ವೇತನದ 25%, 400 ಮುಟ್ಟಿದರೆ 40%. 6 ತಿಂಗಳ ನಿರುದ್ಯೋಗದ ವರ್ಗದವರೊಬ್ಬರು ಗಂಟೆಗೆ 20 ಡಾಲರ್‌ನಂತೆ 350 ಗಂಟೆ ದುಡಿದು ಹೋದರು ಅಂದುಕೊಳ್ಳಿ: ವೇತನ 7,000, ಕ್ರೆಡಿಟ್ 1,750. ಇನ್ನು 50 ಗಂಟೆ ಇದ್ದಿದ್ದರೆ ವೇತನ 8,000, ಕ್ರೆಡಿಟ್ 3,200. ಹಾಜರಿ ಪಟ್ಟಿ ಸರಿಯಾಗಿಡಿ ಎನ್ನುವುದು ಇದಕ್ಕೇ. ಈ ವರ್ಗದಲ್ಲಿ ಲೆಕ್ಕಕ್ಕೆ ಬರುವ ವೇತನ 14,000ಕ್ಕೆ ನಿಲ್ಲುತ್ತದೆ. 9,600ರ ವರ್ಗದಲ್ಲಿ 24,000.

ಪೂರ್ತಿ ಮೊತ್ತ ಲಾಭವೆಂದೂ ಎಣಿಸಬೇಡಿ. ಕ್ರೆಡಿಟ್ ಎಷ್ಟೋ ಅಷ್ಟನ್ನು ವೇತನದ ಖರ್ಚಿನಿಂದ ಕಳೆಯಬೇಕು. 21% ತೆರಿಗೆ ಕಟ್ಟುವ ಕಂಪನಿಗೆ 5,600ರ ಕ್ರೆಡಿಟ್‌ನಿಂದ 1,176 ಹೆಚ್ಚುವರಿ ತೆರಿಗೆ ಬಂದು, ನಿಜಕ್ಕೂ ಉಳಿಯುವುದು 4,424 ಡಾಲರ್. ಈ ವರ್ಷ ತೆರಿಗೆಯೇ ಇಲ್ಲವಾದರೆ ನಗದು ಕೈಗೆ ಬರುವುದಿಲ್ಲ. ಬಳಸದ ಕ್ರೆಡಿಟನ್ನು ಹಿಂದಿನ ಒಂದು ವರ್ಷದ ಅಥವಾ ಮುಂದಿನ 20 ವರ್ಷಗಳ ತೆರಿಗೆಗೆ ಒಯ್ಯಬಹುದು.

ಪ್ರಶ್ನೆ: ಯೋಜನೆಯ ಅವಧಿ ಮುಗಿಯಿತು ಎನ್ನುತ್ತಾರಲ್ಲ?

ಉತ್ತರ: 2020ರ ಡಿಸೆಂಬರ್‌ನ ಕಾಯ್ದೆ ಇದನ್ನು 2025ರ ಡಿಸೆಂಬರ್ 31ರೊಳಗೆ ಕೆಲಸ ಶುರುಮಾಡಿದವರಿಗೆ ಅನ್ವಯಿಸಿತ್ತು. ಆಮೇಲೆ ಸೇರಿದವರಿಗೆ ಸಂಸತ್ತಿನ ವಿಸ್ತರಣೆ ಬೇಕು. 2014ರ ಕೊನೆಗೆ ಅವಧಿ ಮುಗಿದಾಗ, ಒಂದು ವರ್ಷ ಬಿಟ್ಟು 2015ರ ಡಿಸೆಂಬರ್‌ನಲ್ಲಿ ಹಿಂದಿನ ದಿನಾಂಕದಿಂದಲೇ ಜಾರಿಯಾಗುವಂತೆ ವಿಸ್ತರಿಸಿದ್ದರು. ಆದ್ದರಿಂದ 8850ನ್ನು 28 ದಿನಗಳೊಳಗೆ ಕಳಿಸಿಡುವುದೇ ಜಾಣತನ. ಕಳಿಸಿದ್ದಕ್ಕೆ ರಸೀದಿ ಇಟ್ಟುಕೊಳ್ಳಿ. ಆದರೆ ಬಜೆಟ್‌ನಲ್ಲಿ ಆ ಹಣವನ್ನು ಬರೆದುಕೊಳ್ಳಬೇಡಿ.

ಇನ್ನೊಬ್ಬರ ಪ್ರಶ್ನೆ: ನಮ್ಮದು ಲಾಭರಹಿತ ಸಂಸ್ಥೆ. ಆದಾಯ ತೆರಿಗೆಯೇ ಇಲ್ಲವಲ್ಲ?

ಉತ್ತರ: ತೆರಿಗೆ ಕಾನೂನಿನ 501(ಸಿ) ಕಲಮಿನ ಅಡಿಯ ತೆರಿಗೆ ವಿನಾಯಿತಿ ಇರುವ ಸಂಸ್ಥೆಯಾದರೆ, ಮಾಲೀಕರ ಪಾಲಿನ ಸೋಷಿಯಲ್ ಸೆಕ್ಯುರಿಟಿ (ವೇತನದ ಮೇಲಿನ ಪಿಂಚಣಿ ನಿಧಿ) ತೆರಿಗೆಯಲ್ಲಿ ಕಳೆದುಕೊಳ್ಳಬಹುದು. ಅದಕ್ಕೆ ಫಾರ್ಮ್ 5884-ಸಿ. ದರ 40%ರ ಬದಲು 26%, 25%ರ ಬದಲು 16.25%, ಗರಿಷ್ಠ 6,240 ಡಾಲರ್. 8850 ಮತ್ತು 28 ದಿನದ ಗಡುವು ನಿಮಗೂ ಅದೇ.