ದಣಿದಷ್ಟೂ ದೂರವಾಗುವ ನಿದ್ದೆ

ಪ್ರಶ್ನೆ: ಮಗಳಿಗೆ 7 ವರ್ಷ, ಮಾತು ಕಡಿಮೆ. ಶಾಲೆಯಿಂದ ಬಂದವಳೇ ಸಣ್ಣದಕ್ಕೂ ಸಿಡುಕುತ್ತಾಳೆ, ಅಳುತ್ತಾಳೆ. ಸುಸ್ತಾದರೆ ಬೇಗ ಮಲಗಿಯಾಳೆಂದು ಸಂಜೆ ಡಾನ್ಸ್ ಕ್ಲಾಸಿಗೆ ಸೇರಿಸಿದೆವು. ಈಗ 9 ಗಂಟೆಗೆ ಮಲಗಿಸಿದರೆ 10.30ರವರೆಗೂ ಹೊರಳಾಡುತ್ತಾಳೆ. ಏನು ಮಾಡಲಿ?

ಉತ್ತರ: ಅವಳಿಗೆ ಸುಸ್ತು ಸಾಲದೆ ಹೀಗಾಗುತ್ತಿಲ್ಲ, ಸುಸ್ತು ಅತಿಯಾಗಿ ಹೀಗಾಗುತ್ತಿದೆ. ಅಂತರ್ಮುಖಿ ಮಗುವಿಗೆ ಜನ, ಗದ್ದಲ, ಮಾತು ಎಲ್ಲವೂ ದುಡಿಮೆಯೇ. ದಣಿವು ಮಿತಿ ಮೀರಿದಾಗ ದೇಹ ಕಾರ್ಟಿಸಾಲ್, ಅಡ್ರಿನಲಿನ್ ಎಂಬ ಒತ್ತಡದ ಹಾರ್ಮೋನುಗಳನ್ನು ಸುರಿಸಿ ಎಚ್ಚರ ಕಾಯತೊಡಗುತ್ತದೆ. ಕಣ್ಣು ಎಳೆದರೂ ನಿದ್ದೆ ಹತ್ತುವುದಿಲ್ಲ.

ಹಾಗಾಗಿ ರಿಪೇರಿ ಶುರುವಾಗಬೇಕಾದ್ದು ಶಾಲೆ ಬಿಟ್ಟ ಹೊತ್ತಿನಿಂದ. ಮನೆಗೆ ಬಂದ ಮೇಲೆ 30–45 ನಿಮಿಷ ಅವಳ ಪಾಡಿಗೆ ಬಿಡಿ. ತಿನ್ನಲು ಕೊಡಿ, 'ಇವತ್ತು ಏನಾಯ್ತು?' ಎಂದು ಕೇಳಬೇಡಿ. ಚಿತ್ರ ಬರೆಯಲಿ, ಸುಮ್ಮನೆ ಬಿದ್ದುಕೊಂಡಿರಲಿ. ಟಿವಿ ಬೇಡ, ಅದೂ ಗದ್ದಲವೇ. ಬಾಗಿಲು ಹಾಕಿ ಕೂರಿಸಿದರೆ ಮಾತ್ರ ಶಿಕ್ಷೆ ಅಂದುಕೊಳ್ಳುತ್ತಾಳೆ. ಡಾನ್ಸ್ ಅವಳಿಗೆ ನಿಜಕ್ಕೂ ಇಷ್ಟವಿದ್ದರೆ ರಜಾದಿನದ ಬೆಳಗಿಗೆ ಬದಲಾಯಿಸಿ.

ರಾತ್ರಿಯದು ಸ್ವಲ್ಪ ವಿಚಿತ್ರ ಅನ್ನಿಸಬಹುದು: ಮೊದಲ 3–4 ದಿನ 10.30ಕ್ಕೇ ಮಲಗಿಸಿ. ಒಂದೂವರೆ ಗಂಟೆ ಹೊರಳಾಡಿ ಹೊರಳಾಡಿ 'ಹಾಸಿಗೆ ಎಂದರೆ ಎಚ್ಚರ' ಎಂಬ ನಂಟು ಬೆಳೆದುಬಿಟ್ಟಿರುತ್ತದೆ. ಮೊದಲು ಅದು ಕಡಿಯಬೇಕು. 20 ನಿಮಿಷದೊಳಗೆ ನಿದ್ದೆ ಹತ್ತತೊಡಗಿದ ಮೇಲೆ 2–3 ದಿನಕ್ಕೊಮ್ಮೆ 15 ನಿಮಿಷ ಹಿಂದಕ್ಕೆ ತನ್ನಿ. ಆರು ಹೆಜ್ಜೆಗೆ 9 ಗಂಟೆ. ಒಟ್ಟು ಸುಮಾರು ಮೂರು ವಾರ. ಏಳುವ ಹೊತ್ತು ರಜೆಯಲ್ಲೂ ಅದೇ ಇರಲಿ. ಹೆಚ್ಚಿನವರು ಎಡವುವುದು ಇಲ್ಲೇ, ಭಾನುವಾರ 'ಪಾಪ, ಮಲಗಲಿ' ಎಂದು ಬಿಟ್ಟು. ಈ ವಯಸ್ಸಿಗೆ ದಿನಕ್ಕೆ 9–12 ಗಂಟೆ ನಿದ್ದೆ ಬೇಕು, ಆದ್ದರಿಂದ 10.30ರಲ್ಲೇ ನಿಂತುಬಿಡಬೇಡಿ.

ಮಲಗುವ ಒಂದು ಗಂಟೆ ಮೊದಲು ಮೊಬೈಲ್, ಟಿವಿ, ಟ್ಯೂಬ್‌ಲೈಟ್ ಆರಿಸಿ. ಪ್ರಖರ ಬೆಳಕು ನಿದ್ದೆ ತರುವ ಹಾರ್ಮೋನು ಮೆಲಟೋನಿನ್ ಅನ್ನು ತಡೆಯುತ್ತದೆ, ಮಕ್ಕಳಲ್ಲಿ ದೊಡ್ಡವರಿಗಿಂತ ಹೆಚ್ಚು. ಬಿಸಿನೀರಿನ ಸ್ನಾನವೂ ಆಗಲೇ ಆಗಲಿ. ಆಮೇಲೆ ಮೈ ತಣಿಯುವುದೇ ನಿದ್ದೆಗೆ ಕರೆ. ತಡವಾಗಿ ಬಂದ ಅಪ್ಪ ಎತ್ತಿ ಕುಣಿಸುವುದು, ಕಚಗುಳಿ ಇಡುವುದು ಬೆಳಿಗ್ಗೆಗಿರಲಿ.

ಮಾತು ಕಡಿಮೆಯ ಮಕ್ಕಳು ದೀಪ ಆರಿದ ಮೇಲೆ ಬಾಯಿ ಬಿಡುತ್ತಾರೆ, ದಿನದ ಚಿಂತೆಯೆಲ್ಲ ಆಗಲೇ ಮೇಲೇಳುತ್ತದೆ. ಅದಕ್ಕೆ ಊಟದ ಹೊತ್ತಿಗೇ 10 ನಿಮಿಷ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳಿ.

ಗೊರಕೆ, ಬಾಯಲ್ಲಿ ಉಸಿರಾಟ ಇದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮೆಲಟೋನಿನ್ ಮಾತ್ರೆಯನ್ನು ಅವರನ್ನು ಕೇಳದೆ ಕೊಡಬೇಡಿ.