ಮಾಜಿ ಸೈನಿಕರ ನಷ್ಟದಲ್ಲಿರುವ ಉದ್ಯಮಕ್ಕೆ ಸರ್ಕಾರದ ಅನುದಾನ ಸಿಗುತ್ತದೆಯೇ?

ಸೇನೆಯಿಂದ ನಿವೃತ್ತರಾಗಿ ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಯಂತ್ರಗಳನ್ನಿಟ್ಟು ಜಾಬ್ ವರ್ಕ್ ಮಾಡುತ್ತಿರುವ ತಾವು, ಗಿರಾಕಿಗಳಿಂದ ಹಣ ಬಾರದೆ ಬ್ಯಾಂಕಿನ ಎರಡು ಕಂತು ತಪ್ಪಿವೆ, ಮಾಜಿ ಸೈನಿಕರ ಉದ್ಯಮ ಉಳಿಸಲು ಕೇಂದ್ರದ ಅನುದಾನವಿದೆಯೇ ಎಂದು ಕೇಳಿದ್ದೀರಿ. ಇದೇ ಊರಿನ ಬ್ಯಾಂಕೊಂದರಲ್ಲಿ ಸಣ್ಣ ಕೈಗಾರಿಕೆಗಳ ಸಾಲದ ವಿಭಾಗ ನೋಡಿಕೊಂಡು ನಿವೃತ್ತನಾದವನು ನಾನು. ನಡೆಯುತ್ತಿರುವ ಉದ್ಯಮದ ನಷ್ಟ ತುಂಬಿಕೊಡುವಂಥ ಅನುದಾನ ಯಾವ ಮಾಜಿ ಸೈನಿಕರ ಖಾತೆಗೂ ಬಂದದ್ದನ್ನು ನಾನು ಕಂಡಿಲ್ಲ.

ಜನ ಅನುದಾನವೆಂದು ಹೇಳುವುದು ಬಹುಮಟ್ಟಿಗೆ ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ ಬ್ಯಾಂಕ್ ಸಾಲದ ಜೊತೆಗೆ ಸಿಗುವ ಸಬ್ಸಿಡಿಯನ್ನು. ಅದರಲ್ಲಿ ಮಾಜಿ ಸೈನಿಕರು ವಿಶೇಷ ವರ್ಗಕ್ಕೆ ಸೇರುವುದರಿಂದ ಸ್ವಂತ ಬಂಡವಾಳ ಶೇ 5ರಷ್ಟು ಸಾಕು. ಯೋಜನಾ ವೆಚ್ಚದ ಮೇಲೆ ನಗರದಲ್ಲಿ ಶೇ 25, ಗ್ರಾಮೀಣ ಪ್ರದೇಶದಲ್ಲಿ ಶೇ 35 ಸಬ್ಸಿಡಿ ಉಂಟು. 2022ರ ಪರಿಷ್ಕರಣೆಯಲ್ಲಿ ತಯಾರಿಕಾ ಘಟಕದ ವೆಚ್ಚದ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಆದರೆ ಇದು ಹೊಸ ಘಟಕಗಳಿಗೆ ಮೀಸಲು, ಆ ಹಣವೂ 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿ ಇರುತ್ತದೆ. ಆದ್ದರಿಂದ ತಮ್ಮ ಇಂದಿನ ಸಂಕಟಕ್ಕೆ ಅದು ಒದಗದು. ಮುಂಗಡ ಕೊಟ್ಟರೆ ಅನುದಾನ ಮಾಡಿಸಿಕೊಡುತ್ತೇನೆ ಎನ್ನುವ ಏಜೆಂಟರನ್ನು ಬಾಗಿಲಿನಿಂದಲೇ ಕಳುಹಿಸಿಬಿಡಿ.

ತಮಗೆ ನಿಜವಾಗಿ ಉಪಯೋಗಕ್ಕೆ ಬರುವುದು, ಬ್ಯಾಂಕುಗಳೇ ಗಿರಾಕಿಗೆ ಮುಂದಾಗಿ ತಿಳಿಸದ ಒಂದು ವ್ಯವಸ್ಥೆ. ಸಂಕಷ್ಟದಲ್ಲಿರುವ ಸಣ್ಣ ಉದ್ಯಮಗಳ ಪುನಶ್ಚೇತನಕ್ಕಾಗಿ ಕೇಂದ್ರ ಸರ್ಕಾರವು 2015ರಲ್ಲಿ ಒಂದು ಚೌಕಟ್ಟನ್ನು ಪ್ರಕಟಿಸಿತು. 2016ರ ಮಾರ್ಚ್‌ನಲ್ಲಿ ರಿಸರ್ವ್ ಬ್ಯಾಂಕ್ ಅದರ ಜಾರಿಗೆ ಬ್ಯಾಂಕುಗಳಿಗೆ ನಿರ್ದೇಶನ ನೀಡಿತು. ಅದರ ಪ್ರಕಾರ ಬ್ಯಾಂಕ್ ಕರೆಯುವವರೆಗೆ ಕಾಯದೆ, ಉದ್ಯಮ ಕುಸಿಯುವ ಸೂಚನೆ ಕಂಡಾಗ ಸಾಲಗಾರನೇ ಅರ್ಜಿ ಕೊಡಬಹುದು. ಸಾಲ 10 ಲಕ್ಷದೊಳಗಿದ್ದರೆ ಪರಿಹಾರ ಯೋಜನೆಯನ್ನು ಶಾಖೆಯ ಮಟ್ಟದಲ್ಲೇ ರೂಪಿಸಲಾಗುತ್ತದೆ, ಮೀರಿದ್ದರೆ ವಿಷಯ ಇದಕ್ಕೆಂದೇ ಬ್ಯಾಂಕ್ ರಚಿಸಿರುವ ಸಮಿತಿಯ ಮುಂದೆ ಹೋಗುತ್ತದೆ. ಕಂತಿನ ಅವಧಿ ವಿಸ್ತರಣೆ, ಸಾಲದ ಮರುಹೊಂದಿಕೆ, ಅಗತ್ಯವಿದ್ದರೆ ಹೆಚ್ಚುವರಿ ದುಡಿಯುವ ಬಂಡವಾಳ, ಇವೆಲ್ಲ ಅಲ್ಲಿ ಚರ್ಚೆಗೆ ಬರುತ್ತವೆ. ಬಾಕಿ 90 ದಿನ ದಾಟಿ ಖಾತೆ ಎನ್‌ಪಿಎ, ಅಂದರೆ ವಸೂಲಾಗದ ಸಾಲವೆಂದು ದಾಖಲಾದರೆ ಇದೇ ಮಾತುಕತೆ ಬಹಳ ಬಿಗಿಯಾಗುವುದರಿಂದ, ಎರಡು ಕಂತು ತಪ್ಪಿರುವ ತಾವು ಈ ವಾರವೇ ಲಿಖಿತ ಅರ್ಜಿ ಸಲ್ಲಿಸಿ ಸ್ವೀಕೃತಿ ಪಡೆಯುವುದು ಒಳ್ಳೆಯದು. ಅದಕ್ಕೂ ಮೊದಲು ಪಿಂಚಣಿಯ ಮೇಲೆ ಇನ್ನೊಂದು ಸಾಲ ಎತ್ತಿ ಕಂತು ತುಂಬುವುದು ನನಗೆ ಒಪ್ಪಿಗೆಯಿಲ್ಲ. ಸಂಸಾರದ ಅನ್ನಕ್ಕೂ ಕಾರ್ಖಾನೆಯ ನಷ್ಟಕ್ಕೂ ನಡುವೆ ಗೋಡೆ ಇರಲೇಬೇಕು.

ಇನ್ನು ಗಿರಾಕಿಗಳ ಬಾಕಿ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ (ಎಂಎಸ್‌ಎಂಇಡಿ) ಕಾಯ್ದೆಯಂತೆ ಸೂಕ್ಷ್ಮ ಮತ್ತು ಸಣ್ಣ ಘಟಕಗಳಿಗೆ ಕೊಡಬೇಕಾದ ಹಣವನ್ನು, ಒಪ್ಪಂದವಿದ್ದರೂ 45 ದಿನ ಮೀರಿ ತಡೆಯುವಂತಿಲ್ಲ. ತಡೆದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ. ದೂರನ್ನು ಕೇಂದ್ರದ ಸಣ್ಣ ಉದ್ಯಮಗಳ ಸಚಿವಾಲಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಸಲ್ಲಿಸಬಹುದು. ಇದಕ್ಕೆ ಉದ್ಯಮ್ ಎಂಬ, ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ ಬೇಕು, ಅದು ಉಚಿತ. ಕೆಲಸ ಮಾಡಿಕೊಟ್ಟ ಮೇಲೆ ನೋಂದಣಿ ಆಗಿದ್ದರೆ ಎದುರಿನವರು ತಕರಾರು ಎತ್ತುವುದುಂಟು, ಆದುದರಿಂದ ತಮ್ಮ ಪ್ರಮಾಣಪತ್ರದ ದಿನಾಂಕವನ್ನು ಬಿಲ್ಲುಗಳ ದಿನಾಂಕದೊಂದಿಗೆ ಮೊದಲೇ ಹೋಲಿಸಿ ನೋಡಿ. ದೂರಿನಿಂದ ಗಿರಾಕಿ ಕೈತಪ್ಪುವನೆಂಬ ಅಳುಕಿದ್ದರೆ, ಹಳೆಯ ಬಾಕಿಯ ಪಟ್ಟಿಯನ್ನಾದರೂ ಬ್ಯಾಂಕಿನ ಅರ್ಜಿಗೆ ಲಗತ್ತಿಸಿ. ತಮ್ಮ ಕಂತು ಏಕೆ ತಪ್ಪಿತೆಂಬುದಕ್ಕೆ ಮ್ಯಾನೇಜರ್ ಕೇಳುವ ಮೊದಲ ದಾಖಲೆ ಅದೇ.