ಒಂದೇ ಕ್ಲಾಸು, ಹೊಸ ಪುಸ್ತಕ: ಒಪ್ಪಿಗೆ ಪತ್ರ ಇದೆಯಾ?

ಕ್ಯಾಟೆಕಿಸಂ (ಕ್ಯಾಥೊಲಿಕ್ ಧರ್ಮಪಾಠ) ಮಕ್ಕಳನ್ನೂ ಮಾರಲ್ ಸೈನ್ಸ್ (ನೀತಿಪಾಠ) ಮಕ್ಕಳನ್ನೂ ಜೂನ್‌ನಿಂದ ಒಟ್ಟಿಗೆ ಕೂರಿಸಿ ಹೊಸ ಪುಸ್ತಕದಿಂದ ಪಾಠ ಮಾಡಿ ಅಂತ ಶಾಲೆಯವರು ಅಂದಿದ್ದಾರೆ, ಏನು ಮಾಡಲಿ ಅಂತ ಕೇಳಿದ್ದೀರಿ ಮೇಡಂ. ಮುಂಬೈನ ಅಂಧೇರಿಯಲ್ಲಿ ನನಗೂ ಇದೇ ಪಾಡಾಗಿತ್ತು. ಮೊದಲು ಪೋಷಕರ ಒಪ್ಪಿಗೆ ಪತ್ರ ತಗೊಂಡಿದ್ದಾರಾ ಕೇಳಿ. ಸಂವಿಧಾನದ 28(3)ನೇ ವಿಧಿ ಪ್ರಕಾರ, ಸರ್ಕಾರದ ಮಾನ್ಯತೆ ಅಥವಾ ಅನುದಾನ ಇರುವ ಶಾಲೆಯಲ್ಲಿ ಪೋಷಕರು ಒಪ್ಪದೆ ಮಗುವನ್ನು ಧರ್ಮಪಾಠಕ್ಕೆ ಕೂರಿಸುವಂತಿಲ್ಲ. ನೀತಿಪಾಠದ ಮಾತು ಬೇರೆ.

ಬೈಬಲ್‌ನ ಒಳ್ಳೆಯ ಸಮಾರ್ಯದವನ ಕಥೆಯಿಂದ ಶುರು ಮಾಡಿ, ದಾರಿಯಲ್ಲಿ ಗಾಯಗೊಂಡು ಬಿದ್ದ ಅಪರಿಚಿತನನ್ನು ಎತ್ತಿ ಉಪಚರಿಸಿದವನ ಕಥೆ ಅದು. ನಾನು ಹೇಳಿದಾಗ ಹಿಂದಿನ ಬೆಂಚಿನ ಹುಡುಗನೊಬ್ಬ, ‘ಟೀಚರ್, ಲೋಕಲ್ ರೈಲಿನಿಂದ ಬಿದ್ದವನನ್ನ ಎತ್ತೋದೂ ಇದೇ ಅಲ್ವಾ?’ ಅಂದ. ಅವತ್ತು ಪುಸ್ತಕ ತೆರೆಯಲೇ ಇಲ್ಲ! ಪರಮಪ್ರಸಾದ (ಚರ್ಚಿನ ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸುವ ತಯಾರಿ ಮಾತ್ರ ಕ್ಯಾಥೊಲಿಕ್ ಮಕ್ಕಳಿಗೆ ಬೇರೆ ಪೀರಿಯಡ್‌ನಲ್ಲಿರಲಿ. ಪೀರಿಯಡ್ ಕೊಡಲಿಲ್ಲವೋ, ಚರ್ಚಿನ ಭಾನುವಾರದ ಕ್ಲಾಸ್ ಇದ್ದೇ ಇದೆ.